ಲಕ್ಷ್ಮಿ ಬರುವ ದಾರಿ

ಸೂಗಮ್ಮನ ಸಿಟ್ಟು ಐವಾನ್-ಎ-ಶಾಹಿ ಬಡಾವಣೆಯ ಆ ಬೀದಿಗೆಲ್ಲ ಗೊತ್ತು. ಕಮಲಾಪುರದ ಕೆಂಪು ಬಾಳೆಹಣ್ಣನ್ನು ಮೊದಲ ಬಸ್ಸಿಗೆ ತಂದು, ಮುಕ್ತಾಬಾಯಿಯವರ ಮನೆಯೆದುರು ತಳ್ಳುಗಾಡಿ ನಿಲ್ಲಿಸಿ ಮಾರಿಯೇ ಅವಳು ಮಕ್ಕಳನ್ನು ಸಾಕಿದ್ದು. ರಸ್ತೆ ಯಾರಪ್ಪನದೂ ಅಲ್ಲ. ಆದರೂ ಹೋದ ವರ್ಷ ಮುಕ್ತಾಬಾಯಿಯವರ ಹೊಸ್ತಿಲ ಮುಂದಿನ ರಂಗೋಲಿ ದಿನದಿನಕ್ಕೆ ಬೆಳೆದು, ಗಾಡಿ ನಿಲ್ಲುವ ಜಾಗವನ್ನೆಲ್ಲ ನುಂಗಿತು.

"ರಂಗೋಲಿ ಮ್ಯಾಲ ಗಾಲಿ ಹಾಯಿಸಬ್ಯಾಡವಾ, ಲಕ್ಷ್ಮಿ ಬರೋ ದಾರಿ ಅದ," ಎಂದರು ಮುಕ್ತಾಬಾಯಿ.

ರಂಗೋಲಿ ತುಳಿಯುವವಳಲ್ಲ ಸೂಗಮ್ಮ. ಹಲ್ಲು ಕಡಿಯುತ್ತ ಗಾಡಿಯನ್ನು ಚರಂಡಿಯ ಪಕ್ಕಕ್ಕೆ ತಳ್ಳಿದಳು. ಅಲ್ಲಿಯ ನಾತಕ್ಕೆ ಗಿರಾಕಿಗಳು ಹತ್ತಿರ ಸುಳಿಯಲಿಲ್ಲ.

ಮೊನ್ನೆ ಆ ಮನೆಗೆ ಹೊಸ ಕಾರು ಬಂತು. ರಂಗೋಲಿ ಮತ್ತೆ ಹೊಸ್ತಿಲಿಗೇ ಮುದುಡಿತು; ಅದೇ ಜಾಗದಲ್ಲಿ ಕಾರು ನಿಂತಿತು. ಸೂಗಮ್ಮನ ಮೈ ಉರಿದುಹೋಯಿತು.

ಮರುದಿನ ಬೆಳಗ್ಗೆ ಅವಳು ರಂಗೋಲಿ ಪುಡಿ ತಂದು, ಕಾರಿನ ಸುತ್ತ ಬಳ್ಳಿ ಎಳೆದು, ಒಂದೊಂದು ಗಾಲಿಯ ಮುಂದೆಯೂ ಲಕ್ಷ್ಮಿಯ ಪಾದ ಬರೆದಳು. ಮುಕ್ತಾಬಾಯಿ ಓಡಿಬಂದರು.

"ಏನಿದು ಸೂಗಮ್ಮಾ? ನನ್ನ ಮಗ ಆಫೀಸಿಗೆ ಹೋಗಬೇಕು, ಅಳಸು!"

"ನೀವು ಹೇಳಿದ ಲಕ್ಷ್ಮಿ ಬಂದು ನಿಂತಾಳ್ರೀ ಬಾಯಾರ," ಎಂದು ಸೂಗಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. "ಈಗ ಹಾಯಿಸ್ರಿ ಗಾಲಿ, ನೋಡ್ತೀನಿ."