ಮೂಲೆ ರೂಮಿನ ಟೈಂಪೀಸು

ಇಂದಿರಾನಗರದ ಹಂಸ ರೆಸಿಡೆನ್ಸಿಯಲ್ಲಿ ಮಾನಮ್ಮ ಕೆಲಸಕ್ಕೆ ಸೇರಿದ ಹೊಸತರಲ್ಲಿ ಅವಳು ಬಾಯಿ ಬಿಟ್ಟರೆ ಸಾಕು, ಉಳಿದವರಿಗೆ ನಗು. ಶಹಾಪುರದ ಕಡೆಯವಳು. ‘ಕೀಲಿಕೈ ಕೊಡ್ರಿ’ ಅಂದರೆ ಅಡುಗೆಮನೆಯವರೆಗೂ ಎಲ್ಲರೂ ಅದನ್ನೇ ರಾಗವಾಗಿ ಹೇಳಿ ಅಣಕಿಸುತ್ತಿದ್ದರು. ಅವಳು ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಗಂಡ ಪೀರಪ್ಪ ಗಾರೆ ಕೆಲಸದವನು. ಹೊರಮಾವಿನಲ್ಲಿ ಹೊಸ ಅಪಾರ್ಟ್‌ಮೆಂಟಿನ ಸಾರವೆಯಿಂದ ಬಿದ್ದು ಸೊಂಟ ಮುರಿದುಕೊಂಡ ಮೇಲೆ ಲಿಂಗರಾಜಪುರದ ಬಾಡಿಗೆ ರೂಮಿನಲ್ಲಿ ಮಲಗಿದ್ದ. ಅದೇ ಸಾರವೆಯ ಕೆಳಗೆ ವರ್ಷಗಟ್ಟಲೆ ಸಿಮೆಂಟಿನ ಬಾಂಡ್ಲಿ ಹೊತ್ತ ಮಾನಮ್ಮನಿಗೆ, ತಣ್ಣನೆ ನೆಲದ ಮೇಲೆ ನಿಂತು ಬಿಳಿ ಬೆಡ್‌ಶೀಟು ಹಾಸುವುದೂ ಒಂದು ಕೆಲಸವೇ ಅನ್ನಿಸುವಷ್ಟು ಸುಖವಾಗಿತ್ತು.

ಹೋಟೆಲು ಕಟ್ಟಿಸಿದವರು ರಾಮಾಂಜಿನಪ್ಪ. ದೊಡ್ಡನೆಕ್ಕುಂದಿಯಲ್ಲಿ ರಾಗಿ ಬೆಳೆಯುತ್ತಿದ್ದ ಮನೆತನ. ಹೊಲವೆಲ್ಲ ಕಾರ್ಖಾನೆಗಳ ಪಾಲಾದಾಗ ಬಂದ ದುಡ್ಡಿನಲ್ಲಿ ಮೊದಲ ಸಲ ಸಿಂಗಪುರಕ್ಕೆ ಹೋಗಿದ್ದರು. ಅಲ್ಲಿಯ ಹೋಟೆಲಿನಲ್ಲಿ ಮಂಚದ ಪಕ್ಕ ಒಂದು ಅಲಾರಂ ಟೈಂಪೀಸು ಇಟ್ಟಿದ್ದರಂತೆ. ಅದು ಅವರ ಮನಸ್ಸಿನಲ್ಲಿ ಕೂತುಬಿಟ್ಟಿತು. ತಮ್ಮ ಹೋಟೆಲು ತೆರೆದಾಗ ಶಿವಾಜಿನಗರದಿಂದ ರೂಮಿಗೊಂದರಂತೆ ಟೈಂಪೀಸು ತರಿಸಿದರು. ಕತ್ತಲಲ್ಲಿ ಮುಳ್ಳುಗಳು ಹಸಿರಾಗಿ ಹೊಳೆಯುವ ಕಪ್ಪು ಟೈಂಪೀಸು.

ರಾಮಾಂಜಿನಪ್ಪ ತೀರಿಕೊಂಡ ಮೇಲೆ ಹೋಟೆಲು ಮಗ ಶ್ರೀನಾಥನ ಕೈಗೆ ಬಂತು. ಅಷ್ಟು ಹೊತ್ತಿಗೆ ಆಟೋದವರ ಜೇಬಿನಲ್ಲೂ ಮೊಬೈಲು ಬಂದಿತ್ತು. ಟೈಂಪೀಸು ಕಂಡರೆ ಶ್ರೀನಾಥನಿಗೆ ಆಗದು. ಬ್ಯಾಟರಿ ಬದಲಿಸುವುದೊಂದು ರಗಳೆ, ಬಂದವರು ಬ್ಯಾಗಿಗೆ ಹಾಕಿಕೊಂಡು ಹೋಗುವುದೊಂದು ರಗಳೆ. ‘ಈಗಿನ ಕಾಲದಲ್ಲಿ ಯಾರ್ ಗುರು ಇದನ್ನ ನೋಡ್ತಾರೆ? ಎತ್ತಾಕ್ಬೇಕು ಎಲ್ಲಾನೂ’ ಅನ್ನುತ್ತಿದ್ದ. ಅಪ್ಪ ಇಡಿಸಿದ್ದು ಅನ್ನುವ ಒಂದೇ ಕಾರಣಕ್ಕೆ ತಾಯಿ ತೆಗೆಯಬೇಡ ಅನ್ನುತ್ತಿದ್ದರು.

ನೋಡುವವರು ಒಬ್ಬರಿದ್ದರು. ಚಿಂತಾಮಣಿಯ ಶ್ರೀರಾಮಪ್ಪ. ಬಸ್ಸುಗಳಲ್ಲಿ ಟಿಕೆಟ್ ಚೆಕ್ಕಿಂಗ್ ಮಾಡಿ ನಿವೃತ್ತರಾದವರು. ಕಣ್ಣಿನ ಚಿಕಿತ್ಸೆಗೆಂದು ಆಗಾಗ ಬಂದು ಎರಡನೇ ಮಹಡಿಯ ಮೂಲೆ ರೂಮಿನಲ್ಲೇ ಉಳಿಯುತ್ತಿದ್ದರು. ಮಗಳು ಸುಕನ್ಯ ಇದ್ದದ್ದು ಹೊರಮಾವಿನಲ್ಲೇ. ಆದರೆ ಬೀಗರ ಮನೆಯಲ್ಲಿ ಕೈಕಾಲು ಚಾಚಿ ಮಲಗಲು ತಮ್ಮಿಂದಾಗದು ಎಂದು ನಗುತ್ತಿದ್ದರು. ಮಗಳು ಕೊಡಿಸಿದ ಮೊಬೈಲಿನ ಅಕ್ಷರ ಅವರ ಕಣ್ಣಿಗೆ ಕಾಣುತ್ತಿರಲಿಲ್ಲ. ಟೈಂಪೀಸಿನ ದಪ್ಪ ಮುಳ್ಳು ಕಾಣುತ್ತಿತ್ತು.

ಮೊದಲ ಸಲ ಬಂದಾಗಲೇ ಅವರು ಮಾನಮ್ಮನನ್ನು ಕರೆದು ಹೇಳಿದ್ದರು: ‘ನಾನು ಶುಗರ್ ಪೇಷೆಂಟು ಕಣಮ್ಮ. ರಾತ್ರಿ ಸೂಜಿ ಹಾಕ್ಕೊಂಡು ಮಲಗ್ತೀನಿ. ಒಂದೊಂದ್ಸಲ ಬೆಳಿಗ್ಗೆ ಶುಗರ್ ಪೂರ್ತಿ ಇಳಿದೋಗುತ್ತೆ, ಏಳಕ್ಕೇ ಆಗಲ್ಲ. ಈ ಅಲಾರಂ ಹೊಡ್ಕೊಂತಾನೇ ಇದ್ರೆ ನಾನು ಎದ್ದಿಲ್ಲ ಅಂತ ತಿಳ್ಕೋ. ಬಾಗಿಲು ತೆಗೆದು ಬಾಯಿಗೆ ಒಂದಿಷ್ಟು ಸಕ್ಕರೆ ಹಾಕ್ಬಿಡು. ಅಷ್ಟು ಸಾಕು.’

‘ಹಾಕ್ತೀನ್ರೀ ಅಪ್ಪಾರೆ. ನೀವು ಅಂಜಬ್ಯಾಡ್ರಿ.’

ಒಮ್ಮೆ ಹಾಗೇ ಆಯಿತು ಕೂಡ. ಅಲಾರಂ ನಿಲ್ಲದೆ ಹೊಡೆದುಕೊಳ್ಳುತ್ತಿದ್ದದ್ದು ಕೇಳಿ ಅವಳು ಬಾಗಿಲು ತೆಗೆದಳು. ಶ್ರೀರಾಮಪ್ಪ ಬೆವರಿನಲ್ಲಿ ತೊಯ್ದು, ಮಾತು ತೊದಲುತ್ತಾ ಮಂಚದಲ್ಲಿ ಕೂತಿದ್ದರು. ಕಾಫಿ ಟ್ರೇಯಲ್ಲಿದ್ದ ಸಕ್ಕರೆ ಪೊಟ್ಟಣ ಹರಿದು ಬಾಯಿಗೆ ಹಾಕಿದಳು. ಸ್ವಲ್ಪ ಹೊತ್ತಿಗೆ ಅವರ ಕಣ್ಣಿಗೆ ಕಳೆ ಬಂತು. ‘ತಾಯಿ ನೀನು’ ಅಂದರು. ಆವತ್ತಿನಿಂದ ಮಾನಮ್ಮನ ಏಪ್ರನ್ನಿನ ಜೇಬಿನಲ್ಲಿ ಸಕ್ಕರೆ ಪೊಟ್ಟಣಗಳು ಖಾಯಂ ಆದವು. ಆಗ ರೂಮುಗಳ ಬೀಗದ ಕೈ ಅವಳ ಸೊಂಟದಲ್ಲೇ ಇರುತ್ತಿತ್ತು.

ಆಮೇಲೆ ಒಂದು ದಿನ ಅವಳು ಇನ್ನೊಂದು ರೂಮಿನ ಬಾಗಿಲು ತೆಗೆದಳು. ಹಿಡಿಕೆಗೆ ‘ತೊಂದರೆ ಕೊಡಬೇಡಿ’ ಎಂಬ ಬೋರ್ಡು ನೇತುಹಾಕಿದ್ದದ್ದು ಕೆಳಗೆ ಬಿದ್ದಿತ್ತು, ಅವಳಿಗೆ ಕಾಣಲಿಲ್ಲ. ಒಳಗಿದ್ದವನು ಶ್ರೀನಾಥನ ಸ್ನೇಹಿತ, ಜೊತೆಗಿದ್ದವಳು ಅವನ ಹೆಂಡತಿಯಲ್ಲ. ಶ್ರೀನಾಥ ಕೆಲಸದವರನ್ನೆಲ್ಲ ಲಾಬಿಯಲ್ಲಿ ನಿಲ್ಲಿಸಿ, ಮಾನಮ್ಮನ ಕೈಗೆ ಆ ಬೋರ್ಡು ಕೊಟ್ಟು, ಅದನ್ನು ಕೊರಳಿಗೆ ಹಾಕಿಕೊಳ್ಳಲು ಹೇಳಿದ. ಊಟದ ಹೊತ್ತಿನವರೆಗೆ ಅವಳು ಹಾಗೇ ಓಡಾಡಿ ಕೆಲಸ ಮಾಡಬೇಕಾಯಿತು. ಅಡುಗೆಮನೆಯವರು ಬಂದು ಬಂದು ನೋಡಿ ಹೋದರು.

‘ಬೋರ್ಡ್ ನೇತಾಡ್ತಿದ್ರೆ ಒಳಗೆ ಬೆಂಕಿ ಬಿದ್ರೂ ಬಾಗ್ಲು ತೆಗೀಬಾರ್ದು. ತೆಗೆದೋರು ಅವತ್ತೇ ಮನೆಗೆ’ ಅಂದ ಶ್ರೀನಾಥ. ಬೀಗದ ಕೈಗಳೆಲ್ಲ ರಿಸೆಪ್ಷನ್ನಿನ ಜಹನಾರಾಳ ವಶಕ್ಕೆ ಹೋದವು.

ಜಹನಾರಾ ಶಿವಾಜಿನಗರದ ಹುಡುಗಿ. ಮಾನಮ್ಮನನ್ನು ಅಣಕಿಸದೆ ಇದ್ದವಳು ಅವಳೊಬ್ಬಳೇ. ಮಧ್ಯಾಹ್ನ ಇಬ್ಬರೂ ಲಿನನ್ ರೂಮಿನಲ್ಲಿ ಡಬ್ಬಿ ಬಿಚ್ಚಿ, ಜೋಳದ ರೊಟ್ಟಿ, ಪಲಾವು ಹಂಚಿಕೊಂಡು ತಿನ್ನುತ್ತಿದ್ದರು.

ಮುಂದಿನ ಸಲ ಶ್ರೀರಾಮಪ್ಪ ಬಂದದ್ದು ಮದುವೆ ಸೀಸನ್ನಿನಲ್ಲಿ. ಎರಡನೇ ಮಹಡಿಯ ತುಂಬಾ ಗಂಡಿನ ಕಡೆಯವರು. ಮಕ್ಕಳು ಸಂಜೆಯೆಲ್ಲ ರೂಮು ರೂಮಿನ ಬೆಲ್ ಒತ್ತಿ ಓಡುತ್ತಿದ್ದರು. ರೋಸಿಹೋದ ಶ್ರೀರಾಮಪ್ಪ ಬಾಗಿಲ ಹಿಡಿಕೆಗೆ ಬೋರ್ಡು ನೇತುಹಾಕಿ ಮಲಗಿದರು.

ಬೆಳಿಗ್ಗೆ ಮಾನಮ್ಮ ಮೇಲೆ ಬಂದಾಗ ಮೂಲೆ ರೂಮಿನಿಂದ ಅಲಾರಂ ಕೇಳುತ್ತಿತ್ತು. ಪಕ್ಕದ ರೂಮಿನ ಔಷಧಿ ಕಂಪನಿಯ ಸೇಲ್ಸ್‌ಮನ್ ಟವೆಲು ಸುತ್ತಿಕೊಂಡು ಹೊರಗೆ ಬಂದು, ‘ಆವಾಗಿಂದ ಹೊಡ್ಕೊಂತಾ ಇದೆ, ಆಫ್ ಮಾಡ್ಸಮ್ಮ’ ಎಂದು ರೇಗಿದ. ಅವಳು ಬಾಗಿಲು ತಟ್ಟಿದಳು. ‘ಅಪ್ಪಾರೆ, ಅಪ್ಪಾರೆ’ ಎಂದು ಕೂಗಿದಳು. ಒಳಗಿನಿಂದ ಅಲಾರಂ ಬಿಟ್ಟರೆ ಬೇರೆ ಸದ್ದಿಲ್ಲ.

ಮೆಟ್ಟಿಲಿಳಿದು ಓಡಿದಳು. ‘ಜಹನಾರಾ, ಮೂಲೆ ರೂಮಿನ ಕೀಲಿಕೈ ಕೊಡವ್ವಾ. ಅಪ್ಪಾರು ಎದ್ದಿಲ್ಲ.’

ಜಹನಾರಾ ರೂಮಿಗೆ ಫೋನು ಮಾಡಿದಳು. ಯಾರೂ ಎತ್ತಲಿಲ್ಲ. ‘ಬೋರ್ಡ್ ಇದೆಯಾ ಮಾನಮ್ಮಾ?’

‘ಐತಿ.’

‘ಹಾಗಾದ್ರೆ ಸರ್‌ನ ಕೇಳ್ಬೇಕು. ನಂಗೆ ಕೊಡಕ್ಕಾಗಲ್ಲ.’

ಶ್ರೀನಾಥ ಲಾಬಿಯಲ್ಲಿ ಮದುವೆಯವರ ಜೊತೆ ಜಗಳದಲ್ಲಿದ್ದ. ಯಾವುದೋ ರೂಮಿನ ಕನ್ನಡಿ ಒಡೆದಿತ್ತು, ಹೊರಗೆ ಬಸ್ಸು ಹಾರನ್ ಹೊಡೆಯುತ್ತಿತ್ತು. ಇಬ್ಬರೂ ಹೋಗಿ ನಿಂತು ವಿಷಯ ಹೇಳಿದರು.

‘ಬಾತ್‌ರೂಮಲ್ಲಿರ್ತಾನೆ, ಹೋಗ್ ಕೆಲ್ಸ ನೋಡು.’

‘ಅವ್ರಿಗೆ ಶುಗರ್ ಐತ್ರೀ ಸರ್. ಅಲಾರಂ ನಿಲ್ಲಲಿಲ್ಲಂದ್ರ ಬಾಗಲಾ ತೆಗಿ ಅಂತ ನನಗ ಹೇಳ್ಯಾರ್ರೀ.’

‘ನಿಂಗೆ ಹೇಳಿದಾರಾ? ನೀನೇನ್ ಡಾಕ್ಟ್ರಾ?’ ಶ್ರೀನಾಥ ಮದುವೆಯವರ ಕಡೆ ತಿರುಗಿ ನಕ್ಕ. ‘ನೋಡಿ, ನಮ್ ಡಾಕ್ಟ್ರಮ್ಮ.’ ಮದುವೆಯವರೂ ನಕ್ಕರು. ಜಗಳದ ಬಿಸಿ ಸ್ವಲ್ಪ ಇಳಿಯಿತು. ‘ಮತ್ತೆ ಬೋರ್ಡ್ ಕೊರಳಿಗೆ ಹಾಕ್ಕೊಬೇಕಾ? ನಡಿ ಮೇಲೆ.’

ಅವಳು ಮೇಲೆ ಬರುವಷ್ಟರಲ್ಲಿ ಅಲಾರಂ ನಿಂತಿತ್ತು. ಯಾರೂ ಗುಂಡಿ ಒತ್ತದಿದ್ದರೆ ಒಂದಷ್ಟು ಹೊತ್ತು ಬಡಿದುಕೊಂಡು ತಾನಾಗಿಯೇ ಸುಮ್ಮನಾಗುವ ಟೈಂಪೀಸು ಅದು. ದಿನಾ ಅವುಗಳ ಧೂಳು ಒರೆಸುವ ಮಾನಮ್ಮನಿಗೆ ಅದು ಗೊತ್ತಿಲ್ಲದ್ದೇನಲ್ಲ. ಆದರೂ ಬಾಗಿಲಿಗೆ ಕಿವಿಯಿಟ್ಟು ನಿಂತಾಗ ‘ಎದ್ದಿರಬೇಕು, ಎದ್ದು ಅವರೇ ಬಂದ್ ಮಾಡಿರಬೇಕು’ ಅಂದುಕೊಂಡಳು. ಹಾಗೆ ಅಂದುಕೊಂಡದ್ದೇ ಎದೆ ಹಗುರಾಯಿತು. ಮದುವೆಯವರು ಖಾಲಿ ಮಾಡಿದ ರೂಮುಗಳಲ್ಲಿ ಕುಂಕುಮ, ಕೇಕಿನ ಕ್ರೀಮು ಮೆತ್ತಿದ ಹಾಸಿಗೆಗಳು ಕಾಯುತ್ತಿದ್ದವು. ಅವಳು ಬೆಡ್‌ಶೀಟು ಎಳೆಯಲು ಹೋದಳು.

ಮಧ್ಯಾಹ್ನ ರೂಮು ಖಾಲಿ ಮಾಡುವ ಹೊತ್ತು ದಾಟಿದ ಮೇಲೆ ಶ್ರೀನಾಥನೇ ಬೀಗದ ಕೈ ಹಿಡಿದು ಬಂದು ಬಾಗಿಲು ತೆಗೆದ. ಶ್ರೀರಾಮಪ್ಪ ಮಂಚಕ್ಕೂ ಮೇಜಿಗೂ ನಡುವೆ ನೆಲದ ಮೇಲೆ ಬಿದ್ದಿದ್ದರು. ಮೇಜಿನ ಬಟ್ಟೆ ಅವರ ಮುಷ್ಟಿಯಲ್ಲಿತ್ತು. ಉಸಿರು ಇನ್ನೂ ಇತ್ತು. ಮಾನಮ್ಮ ಮಂಡಿಯೂರಿ, ಹಲ್ಲಿನಿಂದ ಸಕ್ಕರೆ ಪೊಟ್ಟಣ ಹರಿದು ಬಾಯಿಗೆ ಸುರಿದಳು. ಇನ್ನೊಂದು ಹರಿದಳು. ಸಕ್ಕರೆ ತುಟಿಯ ಮೇಲೇ ಉಳಿಯಿತು, ಕೊರಳಿಗೆ ಇಳಿದು ಕಾರ್ಪೆಟ್ಟಿನ ಮೇಲೆ ಉದುರಿತು.

‘ಕಾರ್ಪೆಟ್ ಹಾಳ್ಮಾಡ್ಬೇಡ, ಏಳು’ ಅಂದ ಶ್ರೀನಾಥ.

ಹತ್ತಿರದ ನರ್ಸಿಂಗ್ ಹೋಮಿಗೆ ಸೇರಿಸಿದ ಸ್ವಲ್ಪ ಹೊತ್ತಿಗೆ ಅವರು ತೀರಿಕೊಂಡರು. ಸುಕನ್ಯ ಬಂದಾಗ ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದರು: ಶುಗರ್ ಇಳಿದು ಪ್ರಜ್ಞೆ ತಪ್ಪಿದೆ, ಬೆಳಿಗ್ಗೆ ಯಾರಾದರೂ ನೋಡಿದ್ದರೆ ಉಳಿಯುತ್ತಿದ್ದರು.

ಸಂಜೆ ಸುಕನ್ಯ ತಂದೆಯ ಬ್ಯಾಗು ತೆಗೆದುಕೊಳ್ಳಲು ಹೋಟೆಲಿಗೆ ಬಂದಳು. ಲಾಬಿಯಲ್ಲಿ ಆ ಸೇಲ್ಸ್‌ಮನ್ ಕೂತಿದ್ದ. ಸಮಾಧಾನ ಹೇಳುವ ಭರದಲ್ಲಿ ಅವನು, ‘ಬೆಳಿಗ್ಗೆ ಅಷ್ಟೊತ್ತು ಅಲಾರಂ ಹೊಡ್ಕೊಂತಿತ್ತು ಮೇಡಂ, ನಾನೇ ಕಂಪ್ಲೇಂಟ್ ಮಾಡಿದ್ದೆ’ ಅಂದುಬಿಟ್ಟ.

ಸುಕನ್ಯ ಶ್ರೀನಾಥನ ಮುಖ ನೋಡಿದಳು. ‘ನಿಮಗೆ ಗೊತ್ತಿತ್ತಾ?’

‘ನನ್ನತನಕ ಬಂದೇ ಇಲ್ಲ ಮೇಡಂ. ಆ ಫ್ಲೋರ್ ಇವಳದು.’ ಶ್ರೀನಾಥ ಮಾನಮ್ಮನ ಕಡೆ ಕೈ ತೋರಿಸಿದ. ‘ಏನಮ್ಮಾ, ಅಲಾರಂ ಕೇಳಿಸ್ತಾ ನಿಂಗೆ?’

‘ಕೇಳಿಸ್ತ್ರೀ. ನಾ ಬಂದು ಕೀಲಿಕೈ ಕೇಳೀನ್ರೀ ಸರ್. ನೀವೇ ಬ್ಯಾಡ ಅಂದ್ರಿ.’

‘ನನ್ನ ಕೇಳಿದ್ಯಾ? ಯಾವಾಗ?’ ಅವನು ಆಶ್ಚರ್ಯಪಟ್ಟಂತೆ ಹುಬ್ಬೇರಿಸಿದ. ಮದುವೆಯವರು ಹೋಗಿಯಾಗಿತ್ತು. ‘ಕೀ ಜಹನಾರಾ ಹತ್ರ ಇರುತ್ತೆ. ಅವಳನ್ನೇ ಕೇಳೋಣ. ಜಹನಾರಾ, ಇವಳು ಬೆಳಿಗ್ಗೆ ಬಂದು ಕೀ ಕೇಳಿದ್ಲಾ?’

ಮಾನಮ್ಮನಿಗೆ ಧೈರ್ಯ ಬಂತು. ಜಹನಾರಾ ಇದ್ದಾಳೆ, ಹೇಳುತ್ತಾಳೆ. ಜಹನಾರಾ ಕೌಂಟರಿನ ಮೇಲಿದ್ದ ಪೆನ್ನನ್ನು ಎತ್ತಿದಳು, ಮತ್ತೆ ಇಟ್ಟಳು.

‘ಇಲ್ಲ ಸರ್’ ಅಂದಳು.

ಸುಕನ್ಯ ಮಾನಮ್ಮನ ಹತ್ತಿರ ಬಂದು ನಿಂತಳು. ಹೊಡೆಯುತ್ತಾಳೆ ಅನ್ನಿಸಿ ಮಾನಮ್ಮ ಕಣ್ಣು ಮುಚ್ಚಿದಳು. ಹೊಡೆತ ಬೀಳಲಿಲ್ಲ.

‘ನಮ್ಮನೇಲಿ ಇರೀ ಅಪ್ಪಾ ಅಂತ ಪ್ರತಿ ಸಲ ಕರೀತಿದ್ದೆ. ಅಲ್ಲಿ ಮಾನಮ್ಮ ಇದಾಳೆ ಬಿಡು, ನಂಗೇನು ಭಯ ಅಂತಿದ್ರು. ನೀನೇನಾ ಆ ಮಾನಮ್ಮ?’

ಸುಕನ್ಯ ಅವಳ ಮುಖವನ್ನೇ ನೋಡುತ್ತಾ, ‘ನಿಂಗೂ ಹೀಗೇ ಆಗ್ಲಿ. ಕೂಗಿದ್ರೂ ಯಾರೂ ಬರಬಾರ್ದು’ ಅಂದು ಬ್ಯಾಗು ಎತ್ತಿಕೊಂಡು ಹೋದಳು.

ಶ್ರೀನಾಥ ಮಾನಮ್ಮನನ್ನು ಕೂಡಲೇ ಕೆಲಸದಿಂದ ತೆಗೆಯಲಿಲ್ಲ. ಸಾವಿನ ಗದ್ದಲ ತಣ್ಣಗಾಗುವವರೆಗೆ ಅವಳು ಹೊರಗೆಲ್ಲೂ ಬಾಯಿ ಬಿಡಬಾರದಲ್ಲ, ಅದಕ್ಕೆ ಇಟ್ಟುಕೊಂಡ. ಕೆಲಸದವರನ್ನು ಸೇರಿಸಿ, ‘ಈ ದರಿದ್ರ ಟೈಂಪೀಸು ಹೊಡ್ಕೊಂಡಿದ್ದಕ್ಕೇ ತಾನೇ ಅವನ ಮಗಳು ನಮ್ಮನ್ನ ಕೇಳಿದ್ದು? ಇಲ್ದಿದ್ರೆ ರೂಮಲ್ಲಿ ಸತ್ತ, ಮುಗೀತು’ ಅಂದ. ಈ ಸಲ ಅವನ ತಾಯಿಯೂ ಅಡ್ಡ ಬರಲಿಲ್ಲ. ರೂಮು ರೂಮಿಗೆ ಹೋಗಿ ಟೈಂಪೀಸುಗಳನ್ನು ಬೆಡ್‌ಶೀಟಿನಲ್ಲಿ ಕಟ್ಟಿ ತರುವ ಕೆಲಸವನ್ನು ಮಾನಮ್ಮನಿಗೇ ಒಪ್ಪಿಸಿದ. ಅವಳು ಗಂಟು ಬೆನ್ನಿಗೆ ಹಾಕಿಕೊಂಡು ಇಳಿಯುವಾಗ ಅದರೊಳಗೆ ಒಂದು ಹೊಡೆದುಕೊಳ್ಳತೊಡಗಿತು. ಮೆಟ್ಟಿಲ ಮೇಲೆ ಗಂಟು ಬಿಚ್ಚಿ ಹುಡುಕಿ ನಿಲ್ಲಿಸುವವರೆಗೆ ಅಡುಗೆಯವರು ಕೆಳಗೆ ನಿಂತು, ‘ಡಾಕ್ಟ್ರಮ್ಮಾ, ಯಾರೋ ಕರೀತಿದಾರೆ ನೋಡಿ’ ಎಂದು ನಕ್ಕರು. ತಿಂಗಳು ತುಂಬಿದ ಮೇಲೆ ಅವಳನ್ನು ಕಳಿಸಿದರು.

ಒಂದು ಭಾನುವಾರ ಜಹನಾರಾ ವಿಳಾಸ ಹುಡುಕಿಕೊಂಡು ಲಿಂಗರಾಜಪುರದ ರೂಮಿಗೆ ಬಂದಳು. ಕೈಯಲ್ಲಿ ಡಬ್ಬಿ. ಹೊಸ್ತಿಲಲ್ಲೇ ಅಳತೊಡಗಿದಳು.

‘ಅಮ್ಮಿಗೆ ಕಿಡ್ನಿ ಹೋಗಿದೆ ಮಾನಮ್ಮಾ. ವಾರ ವಾರ ಆಸ್ಪತ್ರೆ. ನನ್ನ ಕೆಲ್ಸಾನೂ ಹೋಗ್ಬಿಟ್ರೆ ಅಂತ... ನನ್ನ ಮಾಫ್ ಮಾಡು.’

ಮೂಲೆಯಲ್ಲಿ ಮಲಗಿದ್ದ ಪೀರಪ್ಪ, ‘ಒಳಗ ಕರಿ, ಹುಡುಗಿ ಅಳಕತ್ತಾಳ’ ಅಂದ.

ಮಾನಮ್ಮ ಕರೆಯಲಿಲ್ಲ. ‘ನಿಮ್ಮವ್ವನ ಹೆಸರೇನು?’ ಅಂದಳು.

‘ಕಮರುನ್ನೀಸಾ.’

‘ಆಕಿ ಒಂದಿನ ನೆಲಕ್ಕ ಬಿದ್ದು ನೀರು ನೀರು ಅಂತಾಳ. ಆವಾಗ ಮಗ್ಗಲ ಮನಿಯಾಕಿನ್ನ ಕೇಳು, ಕಮರುನ್ನೀಸಾ ಕೂಗಿದ್ಲೇನವ್ವಾ ಅಂತ. ಆಕಿ ಇಲ್ಲ ಅಂತಾಳ. ಆವಾಗ ಬಾ, ಮಾಫ್ ಮಾಡ್ತೀನಿ.’

ಜಹನಾರಾಳ ಮುಖದಲ್ಲಿ ರಕ್ತ ಇಂಗಿದ್ದನ್ನು ಮಾನಮ್ಮ ಕಣ್ತುಂಬ ನೋಡಿದಳು. ಶ್ರೀರಾಮಪ್ಪ ಸತ್ತ ದಿನದಿಂದ ಎದೆಗೆ ಬಿದ್ದ ಮೊದಲ ತಂಪು ಅದು. ಬಾಗಿಲು ಹಾಕಿದಳು. ಡಬ್ಬಿ ಹೊರಗೇ ಉಳಿಯಿತು.

‘ಅಷ್ಟು ಅನಬಾರದಿತ್ತು’ ಅಂದ ಪೀರಪ್ಪ.

‘ಅನಬೇಕಿತ್ತು’ ಅಂದಳು. ಆದರೆ ಆವತ್ತು ಅವಳಿಗೆ ರೊಟ್ಟಿ ಬಡಿಯಲು ಕೈ ಏಳಲಿಲ್ಲ. ಕಮರುನ್ನೀಸಾ ಬದುಕಿದಳೋ ಇಲ್ಲವೋ ಎಂದು ವಿಚಾರಿಸುವ ಧೈರ್ಯವೂ ಮುಂದೆಂದೂ ಬರಲಿಲ್ಲ.

ಆಮೇಲೆ ದೊಡ್ಡನೆಕ್ಕುಂದಿಯ ಒಂದು ಕಂಪನಿ ಗೆಸ್ಟ್‌ಹೌಸಿನಲ್ಲಿ ಅವಳಿಗೆ ಕೆಲಸ ಸಿಕ್ಕಿತು. ಹೊಸ ಕಟ್ಟಡ. ಮಂಚದ ಪಕ್ಕ ದೀಪವಿತ್ತು, ಫೋನಿತ್ತು, ನೀರಿನ ಬಾಟಲಿಯಿತ್ತು. ಟೈಂಪೀಸು ಇಲ್ಲವೇ ಎಂದು ಕೇಳಿದ್ದಕ್ಕೆ ಸೂಪರ್‌ವೈಸರ್, ‘ಅಜ್ಜಿ ಕಾಲದ್ದೆಲ್ಲ ಯಾಕಮ್ಮಾ? ಎಲ್ರ ಹತ್ರಾನೂ ಮೊಬೈಲಿದೆ’ ಅಂದಳು. ಮಾನಮ್ಮ ಎದುರಾಡಲಿಲ್ಲ. ಆದರೆ ಬೆಳಿಗ್ಗೆ ಬೆಳಿಗ್ಗೆ ಬೋರ್ಡು ಇರಲಿ ಬಿಡಲಿ, ಒಂದೊಂದು ಬಾಗಿಲನ್ನೂ ಬಡಿದು, ಒಳಗಿನವರು ‘ಏನು?’ ಎಂದು ಅರಚುವವರೆಗೂ ಬಡಿಯುತ್ತಿದ್ದಳು. ಅರಚಿದರೆ ಮುಂದಿನ ಬಾಗಿಲಿಗೆ ಹೋಗುತ್ತಿದ್ದಳು. ತಡವಾಗಿ ಮಲಗಿದವರು ದೂರಿದರು, ಮೇಲಿನವರು ಎಚ್ಚರಿಕೆ ಕೊಟ್ಟರು, ಅವಳು ಬಿಡಲಿಲ್ಲ. ಕೊನೆಗೆ ಅವಳನ್ನು ಮಹಡಿಗಳಿಗೆ ಹತ್ತಿಸದೆ, ನೆಲಮಾಳಿಗೆಯಲ್ಲಿ ಬಟ್ಟೆ ಒಗೆಯುವ ಮಷಿನ್ನುಗಳ ಮುಂದೆ ಹಾಕಿದರು. ಅಲ್ಲಿಯ ಗದ್ದಲದಲ್ಲಿ ಪಕ್ಕದವರು ಕರೆದರೂ ಕೇಳಿಸುತ್ತಿರಲಿಲ್ಲ. ಏನಾದರೂ ಬೇಕಿದ್ದರೆ ಬಂದು ಭುಜ ತಟ್ಟುತ್ತಿದ್ದರು. ಪ್ರತಿ ಸಲವೂ ಅವಳು ಬೆಚ್ಚಿಬೀಳುತ್ತಿದ್ದಳು.