ಬೆನ್ನು ನೋಡಿದ ಮೇಲೇ ಸಹಿ

ಬೆಳಗಿನ ಆರೂವರೆ. ಗಂಗಾವತಿಯ ಅಕ್ಕಿ ಗಿರಣಿಗಳ ಕಡೆ ಹಮಾಲರು ಈಗಷ್ಟೇ ಚಹಾದ ಅಂಗಡಿ ಮುಂದೆ ಸೇರುತ್ತಿದ್ದಾರೆ. ಅಲ್ಲೇ ಹಿಂದಿನ ಓಣಿಯ ಹದಿನೆಂಟು ಹಾಸಿಗೆಯ ನರ್ಸಿಂಗ್ ಹೋಮಿನಲ್ಲಿ ಹಿರಿಯ ನರ್ಸ್ ಹೊಳಿಯಮ್ಮ ಏಳನೇ ಮಂಚದ ಬಳಿ ಬಗ್ಗಿ ನಿಂತಿದ್ದಾರೆ. ರಾತ್ರಿ ಪಾಳಿ ಮುಗಿಸಿದ ನರ್ಸ್ ಭವಾನಿ ರೋಗಿಯ ಭುಜ ಹಿಡಿದು ಮೆಲ್ಲಗೆ ಮಗ್ಗುಲು ತಿರುಗಿಸುತ್ತಾರೆ. ಹೊಳಿಯಮ್ಮ ಬೆನ್ನಿಗೆ, ಸೊಂಟಕ್ಕೆ, ಹಿಮ್ಮಡಿಗೆ ಟಾರ್ಚ್ ಬಿಟ್ಟು ನೋಡುತ್ತಾರೆ. ಅನುಮಾನ ಬಂದಲ್ಲಿ ಬೆರಳಿನಿಂದ ಒತ್ತಿ ನೋಡುತ್ತಾರೆ. ಎಲ್ಲೂ ಕೆಂಪಾಗಿಲ್ಲ, ಮಲಗಿ ಮಲಗಿ ಆಗುವ ಹುಣ್ಣಿನ ಸುಳಿವಿಲ್ಲ. ಆಮೇಲೆ ಮುಂದಿನ ಮಂಚ. ತಾವಾಗಿ ಹೊರಳಲಾರದ ಹನ್ನೊಂದು ಮಂದಿಯ ಬೆನ್ನನ್ನೂ ಹೀಗೆ ಇಬ್ಬರೂ ಕೂಡಿ ನೋಡಿದ ಮೇಲೇ ರಿಜಿಸ್ಟರಿಗೆ ಸಹಿ ಬೀಳುವುದು, ಪಾಳಿ ಬದಲಾಗುವುದು. ಈ ಪದ್ಧತಿ ಯಾವ ಸರ್ಕಾರಿ ಆದೇಶದಲ್ಲೂ ಇದ್ದಂತಿಲ್ಲ. ಇದು ಹೊಳಿಯಮ್ಮನವರ ಸ್ವಂತ ಕಾನೂನು.

ಏಳನೇ ಮಂಚದವರು ಸಿದ್ದಾಪುರದ ಶಫೀಸಾಬ. ಮೂವತ್ತು ವರ್ಷ ಗದ್ದೆಗಳಲ್ಲಿ ಟ್ರ್ಯಾಕ್ಟರ್ ಓಡಿಸಿದವರು, ಲಕ್ವ ಹೊಡೆದು ಐದು ತಿಂಗಳಿಂದ ಇಲ್ಲಿದ್ದಾರೆ. ಮಾತು ಸ್ವಲ್ಪ ತೊದಲುತ್ತದೆ, ತಮಾಷೆ ಮಾತ್ರ ತೊದಲುವುದಿಲ್ಲ. "ನನ್ನ ಟ್ರ್ಯಾಕ್ಟರ್‌ಗೂ ನಾನು ಇಷ್ಟು ಸರ್ವಿಸ್ ಮಾಡಿಸಿದ್ದಿಲ್ರಿ," ಎನ್ನುತ್ತಾರೆ. ಹೊಳಿಯಮ್ಮ ನಗುವುದಿಲ್ಲ, ದಿಂಬು ಸರಿಮಾಡಿ ಮುಂದೆ ಹೋಗುತ್ತಾರೆ. ಅವರ ನಗು ಏನಿದ್ದರೂ ಹನ್ನೊಂದನೇ ಬೆನ್ನು ನೋಡಿದ ಮೇಲೆ.

ಹೊಳಿಯಮ್ಮನವರಿಗೆ ನಲವತ್ನಾಲ್ಕು ವರ್ಷ. ಹುಟ್ಟೂರು ತಾವರಗೇರಾ. ಅಪ್ಪ-ಅವ್ವ ಕಂಡವರ ಹೊಲದಲ್ಲಿ ಕೂಲಿ ಮಾಡಿ ಮಗಳನ್ನು ಕೊಪ್ಪಳದಲ್ಲಿ ನರ್ಸಿಂಗ್ ಓದಿಸಿದರು. ಗಂಡ ಕಾಶಿನಾಥ ಗಿರಣಿಯಲ್ಲಿ ಹಮಾಲಿ. ಸುಗ್ಗಿಯಲ್ಲಿ ಕೆಲಸ ಉಂಟು, ಉಳಿದಂತೆ ಇಲ್ಲ. ಮಗಳು ಪಿಯುಸಿಯಲ್ಲಿದ್ದಾಳೆ. ಮನೆ ನಿಂತಿರುವುದೇ ಹೊಳಿಯಮ್ಮನ ನೌಕರಿಯ ಮೇಲೆ. ಇದನ್ನು ಯಾಕೆ ಹೇಳಿದೆನೆಂದರೆ, ಆ ನೌಕರಿಯನ್ನು ಅವರು ಈ ವರ್ಷ ಪಣಕ್ಕಿಟ್ಟರು.

ಕಥೆ ಶುರುವಾಗುವುದು ಒಂಬತ್ತು ವರ್ಷದ ಹಿಂದೆ, ಬೇರೆ ಊರಿನ ಒಂದು ನರ್ಸಿಂಗ್ ಹೋಮಿನಲ್ಲಿ. ಅಲ್ಲಿ ಹೊಳಿಯಮ್ಮ ಕೆಲಸ ಮಾಡಿದ್ದು ಒಂದೇ ದಿನ, ಸರ್ಕಾರದ ತಪಾಸಣೆಯ ದಿನ. ಇಷ್ಟು ಹಾಸಿಗೆಗೆ ಇಷ್ಟು ನರ್ಸ್ ಇರಬೇಕೆಂದು ನಿಯಮವಿದೆ. ಅಲ್ಲಿದ್ದವರು ಇಬ್ಬರು, ಬೇಕಾದವರು ನಾಲ್ವರು. ಪರಿಚಯದವರು ಕೇಳಿಕೊಂಡರೆಂದು ಇವರು, ಹೀಗೇ ಕರೆಸಿದ್ದ ಇನ್ನೊಬ್ಬ ನರ್ಸ್ ಜೊತೆ, ಇಸ್ತ್ರಿ ಮಾಡಿದ ಸಮವಸ್ತ್ರ ಹಾಕಿಕೊಂಡು ಹೋಗಿ ಕೂತುಬಂದರು. ತೋರಿಸಲೆಂದು ತೂಗುಹಾಕಿದ ಸರ್ಟಿಫಿಕೇಟಿನ ಪ್ರತಿ ಅಲ್ಲಿನ ಗೋಡೆಯ ಮೇಲೇ ಉಳಿಯಿತು. ಎಲ್ಲರೂ ಮಾಡುವುದೇ, ತಪ್ಪೇನು ಎಂದು ಆಗ ಅನಿಸಿತ್ತಂತೆ.

ಮರುವರ್ಷ ಅವರ ಸೋದರತ್ತೆ ಹುಲಿಗೆಮ್ಮ ಬಿದ್ದು ಸೊಂಟ ಮುರಿದುಕೊಂಡರು. ಮಕ್ಕಳು ಹತ್ತಿರವೆಂದು ಸೇರಿಸಿದ್ದು ಅದೇ ನರ್ಸಿಂಗ್ ಹೋಮಿಗೆ. ಇಪ್ಪತ್ತು ದಿನದ ಮೇಲೆ ಹೊಳಿಯಮ್ಮ ನೋಡಲು ಹೋದಾಗ ಅತ್ತೆಯ ಬೆನ್ನಿನಲ್ಲಿ ಅಂಗೈ ಅಗಲದ ಹುಣ್ಣು. ಮಗ್ಗುಲು ಬದಲಿಸಲು ಕೈಗಳೇ ಇರಲಿಲ್ಲ. ಅದರ ನಂಜಿನಲ್ಲೇ ಅತ್ತೆ ತೀರಿಕೊಂಡರು.

"ಅಲ್ಲಿ ಡ್ಯೂಟಿ ಸಿಸ್ಟರಿಗೆ ಸಿಟ್ಟಿಗೆದ್ದು ಬೈದೆ ನೋಡ್ರಿ. ನೀವು ನಾಕು ಮಂದಿ ಇದ್ದು ಏನ್ ಮಾಡ್ತೀರಿ ಅಂದೆ. ಆಕಿ ಗ್ವಾಡಿ ಕಡೆ ಕೈ ಮಾಡಿದ್ಲು. ನಾಕನೇ ನರ್ಸ್ ನಾನಾ ಇದ್ದೆ," ಎನ್ನುತ್ತಾರೆ ಹೊಳಿಯಮ್ಮ. ಮಾಡಿದ್ದುಣ್ಣೋ ಮಹರಾಯ ಎನ್ನುತ್ತೇವೆ; ಇಲ್ಲಿ ಮಾಡಿದವರು ಒಬ್ಬರು, ಉಂಡವರು ಇನ್ನೊಬ್ಬರು. ಈ ಮಾತನ್ನು ಬರೆಯಬೇಡಿ ಎಂದು ಅವರು ಹೇಳಲಿಲ್ಲ. ಬರೀರಿ, ನಾಕು ಮಂದಿಗೆ ಗೊತ್ತಾಗ್ಲಿ ಎಂದರು. ಅವರ ಮೇಲೆ ನನಗೆ ಗೌರವ ಹುಟ್ಟಿದ್ದು ಆ ಗಳಿಗೆಯಲ್ಲೇ.

ಈಗಿನ ನರ್ಸಿಂಗ್ ಹೋಮಿನ ಡಾಕ್ಟರ್ ಬಸವಕುಮಾರ ಕೆಟ್ಟ ಮನುಷ್ಯರಲ್ಲ. ಯಲಬುರ್ಗಾ, ಕುಷ್ಟಗಿ ಕಡೆಯಿಂದ ರೋಗಿಗಳು ಬರುವುದು ಹೆಚ್ಚಾಯಿತೆಂದು ಈ ವರ್ಷ ಹನ್ನೆರಡರ ಜೊತೆ ಆರು ಮಂಚ ಹೊಸದಾಗಿ ಹಾಕಿದರು. ನರ್ಸ್‌ಗಳು ಮಾತ್ರ ಮೂವರೇ. ಎರಡು ತಿಂಗಳಾಚೆಯ ತಪಾಸಣೆಗೆ ಮೊದಲೇ ತಾರೀಖು ತಿಳಿಸಿ ಪತ್ರ ಬಂತು. ನಿಮ್ಮ ಜೊತೆ ಓದಿದವರ ಎರಡು ಸರ್ಟಿಫಿಕೇಟ್ ತರಿಸಿ, ಒಂದು ದಿನದ ಮಾತು ಎಂದು ಡಾಕ್ಟರ್ ಕೇಳಿದರು. ಹೊಳಿಯಮ್ಮ ಕಡ್ಡಿ ಮುರಿದಂತೆ ಹೇಳಿದರು: "ಸರ್, ಕೈ ತರ್ರಿ, ಇಲ್ಲಾ ಮಂಚ ತಗೀರಿ. ಎರಡೂ ಆಗೂದಿಲ್ಲ ಅಂದ್ರ ನನ್ನ ಸರ್ಟಿಫಿಕೇಟ್ ಇಳಿಸಿ ಕೊಡ್ರಿ, ನಾ ಹೊಕ್ಕೀನಿ."

ತೀರ್ಮಾನಕ್ಕೆ ಡಾಕ್ಟರ್ ನಾಲ್ಕು ದಿನ ತೆಗೆದುಕೊಂಡರು. ಆ ನಾಲ್ಕು ದಿನ ಮನೆಯಲ್ಲಿ ಮಗಳ ಫೀಸು, ಸಂತೆ ಖರ್ಚಿನ ಲೆಕ್ಕವೇ ನಡೆಯಿತು ಎಂದು ಕಾಶಿನಾಥ ನೆನೆಸಿಕೊಳ್ಳುತ್ತಾರೆ. ಆದರೂ ಹೆಂಡತಿಗೆ ಸುಮ್ಮನಿರು ಎಂದು ಅವರು ಹೇಳಲಿಲ್ಲ. ಐದನೇ ದಿನ ಡಾಕ್ಟರ್ ಆರೂ ಮಂಚ ಮಾಳಿಗೆಗೆ ಸಾಗಿಸಿದರು. ತಿಂಗಳೊಳಗೆ ಭವಾನಿ ಮತ್ತು ಶಾಯಿಸ್ತಾ ಎಂಬ ಇಬ್ಬರು ನರ್ಸ್ ಕೆಲಸಕ್ಕೆ ಸೇರಿದರು. ಮಂಚಗಳು ಕೆಳಗಿಳಿದದ್ದು ಆಮೇಲೆ. ಸಿಸ್ಟರ್ ಹೇಳಿದ ದಿನ ಸಿಟ್ಟು ಬಂದಿತ್ತು, ಈಗ ರೋಗಿಗಳ ಮನೆಯವರ ಮುಂದೆ ತಲೆ ಎತ್ತಿ ಮಾತಾಡುತ್ತೇನೆ ಎಂದು ಡಾಕ್ಟರೇ ಒಪ್ಪುತ್ತಾರೆ.

ಈಗ ಲೆಕ್ಕ ನೇರವಾಗಿದೆ. ಹನ್ನೊಂದು ಮಂದಿ, ಎರಡು ತಾಸಿಗೊಮ್ಮೆ ಮಗ್ಗುಲು. ದಿನಕ್ಕೆ ನೂರಾ ಮೂವತ್ತೆರಡು ಸಲ. ಐವರು ನರ್ಸ್, ಇಬ್ಬರು ಆಯಾ. ಆಯಾ ಜೋಹರಾಬಿಗೆ ಗಡಿಯಾರ ಓದಲು ಬರುವುದಿಲ್ಲ, ಆದರೆ ಯಾರ ಮಗ್ಗುಲ ಹೊತ್ತಾಯಿತು ಎಂಬುದು ಗಡಿಯಾರಕ್ಕಿಂತ ಮೊದಲು ಅವರಿಗೆ ಗೊತ್ತಾಗುತ್ತದೆ. ಎಂಟು ತಿಂಗಳಿಂದ ಇಲ್ಲಿ ಒಬ್ಬರಿಗೂ ಹೊಸ ಹುಣ್ಣಾಗಿಲ್ಲ.

ತಪಾಸಣೆಯವರು ಕೊನೆಗೂ ಬಂದಾಗ ಪಟ್ಟಿ ಹಿಡಿದು ಹೆಸರು ಕೂಗಿದರು. ಐದೂ ಹೆಸರಿಗೆ ಐವರು ಎದ್ದು ನಿಂತರು. ಅದೇನು ದೊಡ್ಡ ಸಂಗತಿ ಎಂದು ಅಧಿಕಾರಿಗಳಿಗೆ ಅನಿಸಿರಲಿಕ್ಕಿಲ್ಲ. ನಿಮಗೇನಾದರೂ ಆಸೆ ಇದೆಯೇ ಎಂದು ಹೊಳಿಯಮ್ಮನವರನ್ನು ಕೇಳಿದೆ. ಸಂಬಳ, ಪ್ರಶಸ್ತಿ ಏನಾದರೂ ಹೇಳುತ್ತಾರೆಂದುಕೊಂಡಿದ್ದೆ.

"ಒಂದ ಐತ್ರಿ," ಎಂದರು. "ಮುಂದಿನ ಸಲಾ ಅವ್ರು ತಾರೀಖ ಹೇಳಲಾರದ ಬರ್ಲಿ."