ಸಮುದ್ರ ದಾಟಿದ ಹಾರ್ಮೋನಿಯಂ

ಯಾದಗಿರಿ ಕಡೆಯಿಂದ ಕೆಲಸ ಹುಡುಕಿಕೊಂಡು ಬಂದ ಭಗವಂತರಾಯ ಮತ್ತು ಬಾಲಮ್ಮನ ಮಗ ಈರೇಶ. ಬೆಳೆದದ್ದು ಬೆಂಗಳೂರಿನ ಕಮ್ಮನಹಳ್ಳಿಯ ಬಾಡಿಗೆ ಕೋಣೆಯಲ್ಲಿ. ಅಪ್ಪ ಭಜನೆಗೆ ಹಾರ್ಮೋನಿಯಂ ನುಡಿಸುವುದನ್ನು ನೋಡಿ ನೋಡಿಯೇ ತಾನೂ ಕಲಿತ. ಮರಗೆಲಸ ಕಲಿತದ್ದು ಕಾಕ್ಸ್ ಟೌನಿನ ಶ್ರೀರಾಮಪ್ಪನವರ ಹತ್ತಿರ. ಕೆಡವಿದ ಹಳೇ ಬಂಗಲೆಗಳ ತೇಗದ ಬಾಗಿಲುಗಳನ್ನು ತಂದು ಹೊಸದರಂತೆ ಮಾಡುವುದು ಅಲ್ಲಿನ ಕೆಲಸ.

"ಈರೇಶ, ಅಂಡಮಾನ್‌ಗೆ ಹೋಗ್ತೀಯಾ?" ಎಂದರು ಒಂದು ದಿನ ಶ್ರೀರಾಮಪ್ಪನವರು. "ಪರಿಚಯದೋರು ಬೀಚ್ ಹತ್ರ ಮರದ ಕಾಟೇಜ್ ಕಟ್ಟಿಸ್ತಿದಾರೆ. ಮೂರು ತಿಂಗ್ಳ ಕೆಲ್ಸ."

"ಹಾರ್ಮೋನಿಯಂ ತಗೊಂಡ್ ಹೋಗ್ಬೋದಾ ಸಾರ್?"

"ತಗೊಂಡ್ ಹೋಗಪ್ಪಾ, ಸಮುದ್ರಕ್ಕೇನು ಕಿವಿ ನೋಯುತ್ತಾ!"

ಈರೇಶ ಅಲ್ಲಿಯವರೆಗೆ ಸಮುದ್ರ ನೋಡಿದವನೇ ಅಲ್ಲ. ನೀಲ್ ದ್ವೀಪದಲ್ಲಿ ಹಡಗಿನಿಂದ ಇಳಿದವನು ಆ ನೀಲಿಯನ್ನೇ ನೋಡುತ್ತಾ ನಿಂತು, ಕರೆದೊಯ್ಯಲು ಬಂದಿದ್ದ ಜೀಪನ್ನು ತಪ್ಪಿಸಿಕೊಂಡ. ಜೆಟ್ಟಿಯ ಬಳಿಯ ಹೋಟೆಲಿಗೆ ಹೋದರೆ ಒಳಗೆಲ್ಲ ತೆಲುಗು ಮಾತು. ಹಲಸೂರಿನ ಗೆಳೆಯರಿಂದ ಕಲಿತ ತೆಲುಗಿನಲ್ಲೇ ಚಹಾ ಕೇಳಿದ. ಮಾಲೀಕ ಆದಿನಾರಾಯಣ ಖುಷಿಯಾಗಿ ಎರಡು ವಡೆಯನ್ನೂ ಕೊಟ್ಟ. ಗಲ್ಲಾದಲ್ಲಿ ಕೂತಿದ್ದ ಕಿರಿಯ ಮಗಳು ಭಾಗ್ಯಲಕ್ಷ್ಮಿ ಇವನ ಬೆಂಗಳೂರು ತೆಲುಗು ಕೇಳಿ ಬಾಯಿ ಮುಚ್ಚಿಕೊಂಡು ನಕ್ಕಳು. ಅಂದಿನಿಂದ ಈರೇಶನ ಊಟ ತಿಂಡಿಯೆಲ್ಲ ಅಲ್ಲೇ.

ಕಾಟೇಜಿನ ಕೆಲಸ ಮುಗಿಯುತ್ತಾ ಬಂದಾಗ ಆದಿನಾರಾಯಣನ ಹಿರಿಯ ಮಗಳ ಮದುವೆ ಬಂತು. ಮದುವೆಯ ದಿನ ಬೆಳಿಗ್ಗೆ ನೋಡಿದರೆ ಸಮುದ್ರ ರೇಗಿತ್ತು. ಪೋರ್ಟ್ ಬ್ಲೇರಿನ ಹಡಗು ಹೊರಡಲಿಲ್ಲ, ಅದರಲ್ಲಿ ಬರಬೇಕಿದ್ದ ವಾದ್ಯದವರೂ ಬರಲಿಲ್ಲ. ಭಾಗ್ಯಲಕ್ಷ್ಮಿ ರೇಷ್ಮೆ ಸೀರೆಯಲ್ಲೇ ಕಾಟೇಜಿಗೆ ಓಡಿ ಬಂದಳು.

"ನಿಮ್ಮ ಹಾರ್ಮೋನಿಯಂ ಇದೆಯಲ್ಲ, ನುಡಿಸ್ತೀರಾ?" ಎಂದು ತೆಲುಗಿನಲ್ಲಿ ಕೇಳಿದಳು.

ಪೆಟ್ಟಿಗೆ ತೆರೆದು ನೋಡಿದರೆ ಉಪ್ಪುಗಾಳಿಗೆ ಮರ ಉಬ್ಬಿ, ಒತ್ತಿದ ಸ್ವರದ ಕೀಲಿಗಳು ಮೇಲೇಳುತ್ತಲೇ ಇಲ್ಲ. ಈರೇಶ ಅಲ್ಲೇ ಚಕ್ಕಳಮಕ್ಕಳ ಹಾಕಿ ಕೂತು, ಒಂದೊಂದನ್ನೇ ಬಿಚ್ಚಿ ಉಪ್ಪುಕಾಗದದಿಂದ ಉಜ್ಜಿದ. ಉಜ್ಜಿದ್ದನ್ನು ಅವಳು ಸೀರೆಯ ಸೆರಗಿನಲ್ಲಿ ಸಾಲಾಗಿ ಇಟ್ಟುಕೊಂಡಳು. ಮುಹೂರ್ತಕ್ಕೆ ಸರಿಯಾಗಿ ಪೆಟ್ಟಿಗೆ ದನಿಗೂಡಿತು. ಅಪ್ಪನ ಭಜನೆಯ ಧಾಟಿಗಳನ್ನೆಲ್ಲ ಈರೇಶ ನುಡಿಸಿದ. ಬಂಗಾಳಿ ಮೀನುಗಾರನೊಬ್ಬ ಮನೆಯಿಂದ ಮೃದಂಗದಂಥ ವಾದ್ಯ ತಂದು ಜೊತೆಗೂಡಿದ. ಊಟವಾದ ಮೇಲೆ ಬೀಗರ ಕಡೆಯ ಮುದುಕರೆಲ್ಲ ಎದ್ದು ಕುಣಿದರು.

ಮರುದಿನದಿಂದ ದ್ವೀಪವೆಲ್ಲ ಅವನನ್ನು ಹೆಸರು ಹಿಡಿದು ಕರೆಯಿತು. ಬೆಳಿಗ್ಗೆ ಯಾರದೋ ಮನೆಯ ಕಿಟಕಿ, ಮಂಚದ ರಿಪೇರಿ. ಸಂಜೆ ಪ್ರವಾಸಿಗರ ಮುಂದೆ ಹಾರ್ಮೋನಿಯಂ. ಕಾಟೇಜ್ ಮುಗಿದರೂ ಈರೇಶ ಹಿಂತಿರುಗಲಿಲ್ಲ. ಕೊನೆಗೆ ಬಾಲಮ್ಮನೇ ವಿಮಾನ, ಹಡಗು ಹತ್ತಿ ಮಗನನ್ನು ಕರೆದೊಯ್ಯಲು ಬಂದಳು.

"ಮೂರ್ ತಿಂಗಳಂತ ಹೇಳಿ ಇಲ್ಲೇ ಕುಂತಿಯಲ್ಲೋ! ನಡಿ, ಮನಿಗೆ ಹೋಗೂನು."

"ಎರಡ್ ದಿನ ಇದ್ದು ನೋಡವ್ವಾ."

ಬಾಲಮ್ಮ ಜೋಳದ ಹಿಟ್ಟು ತಂದಿದ್ದಳು. ಹೋಟೆಲಿನ ಒಲೆಯ ಮುಂದೆ ಕೂತು ಭಾಗ್ಯಲಕ್ಷ್ಮಿಗೆ ರೊಟ್ಟಿ ತಟ್ಟುವುದನ್ನು ಹೇಳಿಕೊಟ್ಟಳು. ಒಬ್ಬಳ ಭಾಷೆ ಇನ್ನೊಬ್ಬಳಿಗೆ ಬಾರದು. ಹುಡುಗಿಯ ರೊಟ್ಟಿ ಹರಿದು ಎರಡಾದಾಗ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಆ ಸಂಜೆ ಮಗ ನುಡಿಸಿದ, ಬಾಲಮ್ಮ ತತ್ವಪದ ಹಾಡಿದಳು. ಹಾಡು ಮುಗಿದ ಮೇಲೆ ಮಗನ ಕಿವಿಯಲ್ಲಿ ಹೇಳಿದಳು:

"ಆ ಹುಡುಗಿ ಕಡಿ ನೋಡ್ಕೋತನೇ ಬಾರಸ್ತಿ. ಅವರಪ್ಪಗ ಕೇಳ್ಲೇನು?"

ಈರೇಶ ತಲೆ ತಗ್ಗಿಸಿದ. ಬಾಲಮ್ಮ ಕನ್ನಡದಲ್ಲೂ ಕೈಸನ್ನೆಯಲ್ಲೂ ಕೇಳಿದಳು; ಆದಿನಾರಾಯಣ ಮಗಳ ಮುಖ ನೋಡಿ ಒಪ್ಪಿದ.

ಮದುವೆ ಕಮ್ಮನಹಳ್ಳಿಯಲ್ಲಿ ಆಯಿತು, ಸಂಸಾರ ದ್ವೀಪದಲ್ಲಿ. ಹೋಟೆಲಿನ ಹಿಂದೆ ಈಗ ಈರೇಶನದೇ ವರ್ಕ್‌ಶಾಪ್ ಇದೆ. ಚಳಿಗಾಲದಲ್ಲಿ ಬಾಲಮ್ಮ ಬಂದರೆ ಸೀರೆ ಎತ್ತಿ ಕಟ್ಟಿ, ಸೊಸೆಯ ಕೈ ಹಿಡಿದು ಮೊಣಕಾಲುದ್ದದ ನೀರಿಗೆ ಇಳಿಯುತ್ತಾಳೆ. ದೊಡ್ಡ ಅಲೆ ಬಂದರೆ, "ಏ, ಸಾಕು, ಅಲ್ಲೇ ನಿಂದ್ರು!" ಎಂದು ಅಲೆಯನ್ನೇ ಗದರಿಸುತ್ತಾಳೆ.